ದೇವೀರಕ್ಕನ ಎರಡು ಥರ್ಮಾಮೀಟರು

ಮೊನ್ನೆ ಪಿರಿಯಾಪಟ್ಟಣದಿಂದ ಹುಣಸೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ಬಂತು. ಆಗಸ್ಟ್ ತಿಂಗಳಲ್ಲಿ ನಮ್ಮ ಕಡೆ ಆ ವಾಸನೆ ಇಲ್ಲದ ರಸ್ತೆಯೇ ಇಲ್ಲ ಅನ್ನಿ. ಹಸಿ ಸೊಪ್ಪು ಹಳದಿಗೆ ತಿರುಗುವಾಗ ಒಣಹುಲ್ಲಿಗೆ ಬೆಲ್ಲದ ನೀರು ಚಿಮುಕಿಸಿದ ಹಾಗೆ ಒಂದು ಸಿಹಿ ಬರುತ್ತದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು, "ಕಿಟಕಿ ಮುಚ್ಚಿ ಕಣಕ್ಕ, ತಲೆ ಸುತ್ತದೆ" ಎಂದಳು. ನಾನು ಮುಚ್ಚಲಿಲ್ಲ. ಮುಖವನ್ನು ಕಿಟಕಿಗೇ ಒಡ್ಡಿ ಕೂತೆ.

ನನ್ನ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಅದರೊಳಗೆ ಜ್ವರ ನೋಡುವ ಥರ್ಮಾಮೀಟರು ಮತ್ತು ರಟ್ಟು ಕಿತ್ತುಹೋದ ಒಂದು ನೋಟ್‌ಬುಕ್ಕು. ಎಚ್.ಡಿ. ಕೋಟೆಯ ಹತ್ತಿರದ ಹಳ್ಳಿಗೆ ಕೊಟ್ಟಿರುವ ನನ್ನ ತಂಗಿ ಜಯಂತಿಗೆ ಅವನ್ನು ಮುಟ್ಟಿಸಲು ಹೊರಟಿದ್ದೆ. ಬರುವ ಗುರುವಾರದಿಂದ ಅವಳಿಗೆ ಕಿಮೋ ಇಂಜೆಕ್ಷನ್ ಶುರು. ಫೋನಿನಲ್ಲಿ ಹೇಳಿದರೆ ಸಾಲದು ಅನ್ನಿಸಿ ನಾನೇ ಹೊರಟಿದ್ದೆ. ಆ ನೋಟ್‌ಬುಕ್ಕು ದೇವೀರಕ್ಕನಿಗೆ ಇಂಥದೇ ಇಂಜೆಕ್ಷನ್ ನಡೆದ ವರ್ಷದ್ದು.

ದೇವೀರಕ್ಕ ನನ್ನ ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಭಾವ ಚಿಕ್ಕ ವಯಸ್ಸಿಗೇ ತೀರಿಕೊಂಡ ಮೇಲೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿ ನೋಡುವ ಕೆಲಸ ಅವಳು ವಹಿಸಿಕೊಂಡಳು. ನಮ್ಮೂರಲ್ಲಿ ಹೆಂಗಸರು ಸೊಪ್ಪು ಮುರಿಯುತ್ತಾರೆ, ಕಡ್ಡಿಗೆ ಕಟ್ಟುತ್ತಾರೆ; ಬೆಂಕಿ ಮಾತ್ರ ಗಂಡಸರದು. ಇವಳು ಅದನ್ನೂ ಮಾಡಿದಳು, ಊರ ಗಂಡಸರಿಗಿಂತ ಚೆನ್ನಾಗಿ ಮಾಡಿದಳು. ಬ್ಯಾರನ್ನಿನ ಗೋಡೆಯಲ್ಲಿ ಗಾಜಿನ ಕಿಂಡಿ, ಅದರ ಹಿಂದೆ ತೂಗುಹಾಕಿದ ಥರ್ಮಾಮೀಟರು. ಮೊದಲ ಎರಡು ದಿನ ನೂರು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿ ಸಣ್ಣ ಉರಿ, ಸೊಪ್ಪು ಹಳದಿಗೆ ಬರಲಿ ಅಂತ. ಆಮೇಲೆ ಮೆಲ್ಲಗೆ ಏರಿಸುತ್ತ ಏರಿಸುತ್ತ ಕೊನೆಯಲ್ಲಿ ನೂರರುವತ್ತು, ದಂಟು ಒಣಗಲಿಕ್ಕೆ. ಐದಾರು ದಿನ ಬೆಂಕಿ ಬಿಟ್ಟು ಅಲ್ಲಾಡುವ ಹಾಗಿಲ್ಲ. ಸ್ಕೂಲಿನ ಮುಖ ಕಾಣದ ಅಕ್ಕ ಅಂಕಿ ಮಾತ್ರ ಕಲಿತಿದ್ದು ಆ ಕಿಂಡಿಯಲ್ಲೇ. ಅವಳು ಓದಿ ಹೇಳುವುದು, ಎಸ್ಸೆಸ್ಸೆಲ್ಸಿ ಪಾಸಾದ ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು.

ನಾವಿಬ್ಬರೂ ಜಗಳವಾಡದ ದಿನವಿರಲಿಲ್ಲ. ಸೌದೆ ಹಸಿಯಿದೆ ಅಂತ ಜಗಳ, ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಜಗಳ. "ನಿನ್ ಬಾಯಿಗೆ ಬೆಂಕಿ ಅಚ್ಚುದ್ರೆ ಸೌದೇನೇ ಬ್ಯಾಡ" ಅನ್ನುತ್ತಿದ್ದಳು. ಅಂಥ ಅಕ್ಕ ಒಂದು ಬೇಸಿಗೆಯಲ್ಲಿ ಸ್ನಾನದ ಮನೆಯಿಂದಲೇ ಕೂಗಿ ನನ್ನನ್ನು ಕರೆದು, ನನ್ನ ಕೈ ಹಿಡಿದು ತನ್ನ ಎಡ ಎದೆಯ ಮೇಲಿಟ್ಟು, "ಇದೇನ್ ನೋಡಮ್ಮಿ" ಎಂದಳು. ಹುಣಸೇಬೀಜದಷ್ಟು ಗಂಟು. ಬೀಜದಷ್ಟೇ ಗಟ್ಟಿ.

ಈಗ ಜಯಂತಿಗೆ ಬರಹೇಳಿರುವ ಮೈಸೂರಿನ ಆಸ್ಪತ್ರೆಯಲ್ಲೇ ಅಕ್ಕನಿಗೂ ಆಪರೇಷನ್ ಆಯಿತು. ಆಮೇಲೆ ಆರು ಇಂಜೆಕ್ಷನ್, ಇಪ್ಪತ್ತೊಂದು ದಿನಕ್ಕೊಂದು ಅಂದರು. ಮೊದಲನೆಯದು ಮುಂಗಾರು ಹಿಡಿದ ದಿನಗಳಲ್ಲಿ. ಇಂಜೆಕ್ಷನ್ ಅಂದರೆ ಒಂದು ಚುಚ್ಚು, ಒಂದು ನಿಮಿಷ ಅಂದುಕೊಂಡು ಹೋದವರು ನಾವು. ಮಧ್ಯಾಹ್ನದ ಊಟವನ್ನೂ ಕಟ್ಟಿಕೊಂಡಿರಲಿಲ್ಲ. ಒಂದು ಉದ್ದನೆಯ ಹಾಲ್, ಸಾಲು ಕುರ್ಚಿಗಳು, ಕಂಬಕ್ಕೆ ನೇತುಹಾಕಿದ ಬಾಟಲಿಗಳು. ಮೊದಲು ರಕ್ತ ಪರೀಕ್ಷೆ, ತೂಕ, ಎತ್ತರ. ಆಮೇಲೆ ವಾಂತಿ ಬರದಿರಲು ಒಂದು ಬಾಟಲಿ. ಆಮೇಲೆ ಬಂತು ಕೆಂಪು ಔಷಧಿ, ಕುಂಕುಮದ ನೀರಿನ ಹಾಗೆ.

ಸಿಸ್ಟರ್ ವಯನಾಡಿನ ಕಡೆಯ ಹುಡುಗಿ, ಕನ್ನಡ ಎಳೆದೆಳೆದು ಆಡುತ್ತಿದ್ದಳು. "ಅಮ್ಮಾ, ಬೇರೆ ಏನಾದರೂ ಮಾತ್ರೆ, ನಾಟಿ ಔಷಧಿ, ಕಷಾಯ ತಗೊಳ್ತಿದ್ದೀರಾ? ಎಲ್ಲ ಹೇಳಬೇಕು" ಎಂದಳು.

"ಏನೂ ಇಲ್ಲ ಕಣವ್ವ" ಎಂದಳು ಅಕ್ಕ, ಕಣ್ಣು ಮಿಟುಕಿಸದೆ. ಅಂತರಸಂತೆಯ ಕಡೆಯಿಂದ ಯಾರೋ ತಂದುಕೊಟ್ಟ ಬೇರಿನ ಕಷಾಯವನ್ನು ಹದಿನೈದು ದಿನದಿಂದ ಕುಡಿಯುತ್ತಿದ್ದಳು. ನಾನು ಬಾಯಿಬಿಟ್ಟೆ. ಅಕ್ಕ ನನ್ನನ್ನು ನುಂಗುವ ಹಾಗೆ ನೋಡಿದಳು. ಸಿಸ್ಟರ್ ಬೈಯಲಿಲ್ಲ. ಅದು ಈ ಔಷಧಿಯ ಜೊತೆ ಸೇರಿ ಒಳಗೆ ಏನು ಮಾಡುತ್ತದೋ ಯಾರಿಗೂ ಗೊತ್ತಿಲ್ಲ, ನಿಲ್ಲಿಸಿ ಎಂದು ಡಾಕ್ಟರನ್ನು ಕರೆದು ಹೇಳಿಸಿದಳು. "ಔಷಧಿ ಹೋಗುವಾಗ ಕೈಯಲ್ಲಿ ಉರಿ ಬಂದರೆ, ಊದಿಕೊಂಡರೆ, ಆ ಕೂಡಲೇ ಹೇಳಿ" ಅಂತಲೂ ಹೇಳಿದಳು.

ಪಕ್ಕದ ಕುರ್ಚಿಯಲ್ಲಿ ಹುಣಸೂರಿನ ಮೆಹರುನ್ನಿಸಾ ಇದ್ದರು. ಗಂಡ ಮರಗೆಲಸದವರು. ಅವರಿಗೆ ಅದು ನಾಲ್ಕನೆಯ ಇಂಜೆಕ್ಷನ್. ತಲೆಯ ದುಪಟ್ಟಾ ಸರಿಮಾಡಿಕೊಳ್ಳುತ್ತ ಮಾತಿಗೆ ಕೂತವರು ಮಧ್ಯದಲ್ಲಿ ಥಟ್ಟನೆ ಮಾತು ನಿಲ್ಲಿಸಿ ಅಕ್ಕನ ಕಾಲು ನೋಡಿದರು. ಅಕ್ಕನ ಕಾಲ್ಬೆರಳುಗಳು ಸುರುಟಿಕೊಂಡಿದ್ದವು. ಮುಖ ಮಾತ್ರ ಕಲ್ಲು.

"ಏನಮ್ಮ, ಉರೀತೈತಾ?"

"ವಸಿ ಉರೀತದೆ. ಉರಿದ್ರೆ ತಾನೆ ಮದ್ದು ಇಡಿಯೋದು" ಎಂದಳು ಅಕ್ಕ.

"ಯಾ ಅಲ್ಲಾ! ಸಿಸ್ಟರ್, ಬನ್ನಿ ಇಲ್ಲಿ, ಜಲ್ದಿ ಬನ್ನಿ!" ಎಂದು ಮೆಹರುನ್ನಿಸಾ ಹಾಲ್ ಪೂರ್ತಿ ಕೇಳುವ ಹಾಗೆ ಕೂಗಿದರು.

ಸಿಸ್ಟರ್ ಓಡಿಬಂದು ಔಷಧಿ ನಿಲ್ಲಿಸಿದಳು. ಸೂಜಿ ನರದಿಂದ ಜರುಗಿ ಔಷಧಿ ಹೊರಗೆ ಜಿನುಗಲು ಶುರುವಾಗಿತ್ತು. ಇನ್ನೊಂದಿಷ್ಟು ಹೊತ್ತು ಬಿಟ್ಟಿದ್ದರೆ ಅಲ್ಲಿಯ ಚರ್ಮ ಮಾಂಸ ಎಲ್ಲ ಬೆಂದು ಹುಣ್ಣಾಗುತ್ತಿತ್ತಂತೆ. ತಣ್ಣನೆಯ ಪಟ್ಟಿ ಇಟ್ಟರು, ಆಪರೇಷನ್ ಆದ ಕಡೆಯ ಕೈಗೆ ಚುಚ್ಚುವ ಹಾಗಿಲ್ಲವೆಂದು ಅದೇ ತೋಳಿನಲ್ಲಿ ಮೇಲೆ ಇನ್ನೊಂದು ನರ ಹುಡುಕಿದರು. ಮುಂಗೈ ಮೇಲೆ ಕಾಸಿನಗಲದ ಕಪ್ಪು ಕಲೆ ಕೊನೆಯವರೆಗೂ ಉಳಿಯಿತು. ನಾನು ಸಿಟ್ಟಿನಿಂದ, "ಬಾಯಿಗೇನು ಬೀಗ ಹಾಕಿದ್ರಾ ನಿಂಗೆ? ಮನೇಲಿ ಉಪ್ಪು ಹೆಚ್ಚಾದ್ರೆ ಊರಿಗೆಲ್ಲ ಕೇಳೋ ಹಂಗೆ ಕೂಗ್ತೀಯಲ್ಲ" ಅಂದೆ. ಅಕ್ಕ, "ಬೆಂಕಿ ಮುಂದೆ ಇಪ್ಪತ್ ವರ್ಸ ಕೂತಿವ್ನಿ. ಇಷ್ಟ್ ಉರೀಗೆಲ್ಲ ಕೂಗ್ಲಾ?" ಅಂದಳು. ಆ ಮಾತಿನಲ್ಲೇ ಮುಂದಿನದೆಲ್ಲ ಇತ್ತು. ನನಗೆ ತಿಳಿಯಲಿಲ್ಲ.

ಹೊರಡುವಾಗ ಸಿಸ್ಟರ್ ಇನ್ನಷ್ಟು ಹೇಳಿದಳು, ನಾನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡೆ. ಒಂದೆರಡು ದಿನ ಉಚ್ಚೆ ಕೆಂಪಗೆ ಹೋಗುತ್ತದೆ, ಹೆದರಬೇಡಿ. ಎರಡು ದಿನ ಕಕ್ಕಸಿಗೆ ಎರಡು ಸಲ ನೀರು ಹಾಕಿ, ವಾಂತಿಯಾದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ, ಒಗೆಯುವವರು ಕೈಗೆ ಗವಸು ಹಾಕಿಕೊಳ್ಳಿ. ವಾಂತಿ ಮಾತ್ರೆಯನ್ನು ವಾಂತಿ ಬಂದ ಮೇಲಲ್ಲ, ಹೇಳಿದ ಹೊತ್ತಿಗೆ ನುಂಗಿ. ಬಾಯಿ ಹುಣ್ಣಾಗದಂತೆ ಉಪ್ಪು ನೀರು ಮುಕ್ಕಳಿಸಿ. ಕೂದಲು ಹೋಗುತ್ತದೆ, ಬರುತ್ತದೆ. ಕೊನೆಯದನ್ನು ಹೇಳುವಾಗ ಅವಳು ನನ್ನ ಪೆನ್ನು ತೆಗೆದುಕೊಂಡು ತಾನೇ ದೊಡ್ಡದಾಗಿ ಬರೆದಳು: ನೂರು ದಾಟಿದರೆ ಫೋನ್ ಮಾಡಿ. ಕೆಳಗೆ ವಾರ್ಡಿನ ನಂಬರು. "ಏಳನೇ ದಿನದಿಂದ ಎರಡು ವಾರದವರೆಗೆ ರಕ್ತದಲ್ಲಿ ಬಿಳಿ ಕಣ ಕಡಿಮೆ. ಮೈಯಲ್ಲಿ ಜಗಳ ಆಡೋಕೆ ಶಕ್ತಿ ಇರಲ್ಲ. ಆವಾಗ ಜ್ವರ ಅಂದರೆ ಸುಮ್ಮನೆ ಜ್ವರ ಅಲ್ಲ. ನೀವೇ ಜ್ವರದ ಮಾತ್ರೆ ನುಂಗಬಾರದು, ಜ್ವರ ಮುಚ್ಚಿಹೋಗುತ್ತೆ. ಬೆಳಿಗ್ಗೆವರೆಗೆ ಕಾಯಬಾರದು" ಎಂದಳು. ಒಂದು ಥರ್ಮಾಮೀಟರು ಕೊಂಡುಕೊಂಡು ಬಸ್ಸು ಹತ್ತಿದೆವು.

ಆ ಸಲ ಮಳೆ ಹದವಾಗಿ ಬಂದು ಸೊಪ್ಪು ಆಳೆತ್ತರ ನಿಂತಿತ್ತು. ಮೊದಲ ಬ್ಯಾರನ್ ತುಂಬುವ ಹೊತ್ತಿಗೆ ಅಕ್ಕನ ತಲೆ ಬೋಳಾಗಿತ್ತು. ಎಲ್ಲಕ್ಕಿಂತ ಅವಳನ್ನು ಕಂಗೆಡಿಸಿದ್ದು ವಾಸನೆ. ಇಪ್ಪತ್ತು ವರ್ಷ ಮೂಗಿನಿಂದಲೇ ಸೊಪ್ಪಿನ ಹದ ಹೇಳುತ್ತಿದ್ದವಳಿಗೆ ಈಗ ಬ್ಯಾರನ್ನಿನ ಹತ್ತಿರ ಸುಳಿದರೆ ಹೊಟ್ಟೆ ತೊಳೆಸಿ ಕಣ್ಣಲ್ಲಿ ನೀರು ಬರುತ್ತಿತ್ತು. ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು, ನನ್ನನ್ನು ಓಡಿಸುತ್ತಿದ್ದಳು. "ಓಗಿ ಕಿಂಡಿ ನೋಡ್ಕೊಂಡ್ ಬಾ. ಎಷ್ಟೈತೆ? ಸೊಪ್ಪಿನ ತುದಿ ಅಳದಿಯಾ, ಅಸುರಾ? ವಾಸ್ನೆ ಎಂಗೈತೆ? ಸರ್ಯಾಗ್ ಏಳು." ನಾನು ಅವಳ ಮೂಗಾದೆ, ಕಣ್ಣಾದೆ. ಸೌದೆ ಹಾಕುವುದು ನನ್ನ ಗಂಡ. ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದು ಎಡಕ್ಕೆ ಬ್ಯಾರನ್ನಿನ ಬಿಸಿ, ಬಲಕ್ಕೆ ಅಕ್ಕನ ಬಿಸಿ ಬರೆಯುತ್ತಿದ್ದೆ. ಎರಡು ನೋಟ್‌ಬುಕ್ಕು ಯಾಕೆ ಅಂತ. ನನ್ನ ಜಾಣತನಕ್ಕಿಷ್ಟು!

ಮೂರನೆಯ ಇಂಜೆಕ್ಷನ್ ಆಗಿ ಹತ್ತನೆಯ ದಿನ. ಬ್ಯಾರನ್ ತುಂಬಿ ಎರಡನೆಯ ದಿನ. ಬೆಳಿಗ್ಗೆಯಿಂದ ಅಕ್ಕ ಮಂಕಾಗಿದ್ದಳು. ಮಳೆಯ ಥಂಡಿ ಅಂದುಕೊಂಡೆ. ಸಂಜೆ ಕಿಂಡಿ ನೋಡಿ ಬಂದು, "ನೂರೊಂದು" ಎಂದು ಬರೆದೆ. ಆಮೇಲೆ ಅಕ್ಕನ ನಾಲಿಗೆಯ ಕೆಳಗೆ ಥರ್ಮಾಮೀಟರು ಇಟ್ಟೆ. ಕೀಂಕೀಂ ಅಂದಿತು. ನೂರೊಂದು.

"ಅಕ್ಕ, ನೂರೊಂದು ಕಣೆ. ಫೋನ್ ಮಾಡ್ಲಾ?" ಅಂದೆ. ಫೋನು ಕೈಯಲ್ಲೇ ಇತ್ತು.

ಅಕ್ಕ ಕಂಬಳಿಯೊಳಗಿಂದ ಕಣ್ಣು ಬಿಟ್ಟು, "ನೂರೊಂದಾ? ಅಷ್ಟುಕ್ಕೆಲ್ಲ ಸೊಪ್ಪೇ ಬಾಡಾಕಿಲ್ಲ, ನಾ ಬಾಡ್ತೀನಾ? ನಾನಿನ್ನೂ ಅಳದೀಗೇ ಬಂದಿಲ್ಲ ಬುಡು" ಅಂದಳು.

ನಾನು ನಕ್ಕುಬಿಟ್ಟೆ. ಗೊಳ್ಳನೆ ನಕ್ಕೆ. ಎಷ್ಟೋ ದಿನದ ಮೇಲೆ ಅಕ್ಕ ಹಳೆಯ ಅಕ್ಕನ ಹಾಗೆ ಮಾತಾಡಿದ್ದಳು, ಅವಳೂ ನಕ್ಕಳು. ನಮ್ಮಿಬ್ಬರಿಗೂ ನೂರು ಅಂದರೆ ಸಣ್ಣ ಉರಿ. ವರ್ಷಗಟ್ಟಲೆ ಕಣ್ಣು ಅದಕ್ಕೇ ಪಳಗಿತ್ತು. ನೂರಿಪ್ಪತ್ತು, ನೂರೈವತ್ತು ಅಂದಿದ್ದರೆ ಓಡುತ್ತಿದ್ದೆವೋ ಏನೋ! ಎಡಕ್ಕೂ ನೂರೊಂದು, ಬಲಕ್ಕೂ ನೂರೊಂದು ಬರೆದು ಪುಸ್ತಕ ಮುಚ್ಚಿದೆ. "ನಾಳಿಕ್ ಉರಿ ಏರಿಸ್ಬೇಕು. ಇವತ್ತು ಆಸ್ಪತ್ರೆ ಅಂತ ಓದ್ರೆ ಸೊಪ್ಪು ಅಡ್ಡಡ್ಡ ಮಲಗ್ತದೆ. ಬೆಳಿಗ್ಗೆ ನೋಡಾನ" ಅಂದಳು ಅಕ್ಕ. ಮನೆಯಲ್ಲಿದ್ದ ಜ್ವರದ ಮಾತ್ರೆಯನ್ನು ನಾನೇ ಕೊಟ್ಟೆ. ಹೌದು, ನಾನೇ.

ಬೆಳಿಗ್ಗೆ ತೊಂಬತ್ತೊಂಬತ್ತಕ್ಕೆ ಇಳಿದಿತ್ತು. ನೋಡಿದೆಯಾ ಅನ್ನುವ ಹಾಗೆ ಅಕ್ಕ ಹುಬ್ಬೇರಿಸಿದಳು. ಮಧ್ಯಾಹ್ನ ಸೊಪ್ಪಿನ ಉರಿ ಏರಿಸಿ ಬಂದು ನೋಡಿದರೆ ಅಕ್ಕ ಗಡಗಡ ನಡುಗುತ್ತಿದ್ದಾಳೆ, ಹಲ್ಲು ಕಟಕಟ ಅನ್ನುತ್ತಿದೆ, ಉಗುರು ನೀಲಿ. "ಸುಸೀಲ, ಕಿಂಡಿ ನೋಡ್ದಾ?" ಅಂದವಳು ಎರಡನೇ ಮಾತಿಗೆ ನನ್ನನ್ನು ಯಾರೋ ಅನ್ನುವ ಹಾಗೆ ನೋಡಿದಳು. ಅಯ್ಯೋ ಶಿವನೆ ಅಂತ ನೋಟ್‌ಬುಕ್ಕು ಎಳೆದುಕೊಂಡು ವಾರ್ಡಿನ ನಂಬರು ಒತ್ತಿದೆ. ಫೋನಿಗೆ ಸಿಕ್ಕ ಸಿಸ್ಟರ್ ಒಂದೇ ಮಾತು ಕೇಳಿದಳು: "ಜ್ವರ ಯಾವಾಗಿಂದ?" ನಿನ್ನೆ ಸಂಜೆಯಿಂದ ಅಂದೆ. "ಈಗಲೇ ಹೊರಡಿ" ಎಂದಳು.

ನನ್ನ ಗಂಡ ಪಕ್ಕದ ಮನೆಯ ವ್ಯಾನು ತಂದು ನಿಲ್ಲಿಸಿ ಒಂದು ಸಲ ಬ್ಯಾರನ್ ನೋಡಿದರು, ಒಂದು ಸಲ ಅತ್ತಿಗೆಯನ್ನು ನೋಡಿದರು. ಆಮೇಲೆ ಓಡಿಹೋಗಿ ಒಲೆಯ ಬಾಯಿಂದ ಉರಿಯುವ ಕೊರಡುಗಳನ್ನು ಎಳೆದೆಳೆದು ಮಳೆಗೆ ಎಸೆದರು. "ಓದ್ರೆ ಓಗ್ಲಿ, ನಮ್ಮತ್ಗೆಗಿಂತ ದೊಡ್ಡದಾ ಇದು" ಅಂದರು. ದಾರಿಯುದ್ದಕ್ಕೂ ಅಕ್ಕನ ತಲೆ ನನ್ನ ತೊಡೆಯ ಮೇಲೆ. ಸೀರೆಯ ಮೂಲಕ ಸುಡುತ್ತಿತ್ತು. ಹುಣಸೂರು, ಬಿಳಿಕೆರೆ, ಇಲವಾಲ. ಆ ರಸ್ತೆ ಅಷ್ಟುದ್ದ ಇದೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅಕ್ಕನನ್ನು ಒಳಗೆ ಸೇರಿಸಿ, ರಕ್ತ ಪರೀಕ್ಷೆಗೆ ಕಳಿಸಿ, ನಂಜಿಗೆ ಇಂಜೆಕ್ಷನ್ ಶುರುಮಾಡಿಸಿ ಹೊರಗೆ ಬಂದು ನನ್ನ ನೋಟ್‌ಬುಕ್ಕು ಕೇಳಿದರು. ಆ ಪುಟ ತೆರೆದು ನೋಡಿದರು.

"ಎರಡು ಸಲ ಯಾಕೆ ಬರೆದಿದ್ದೀರಿ ನೂರೊಂದು ಅಂತ?"

"ಒಂದು ಅಕ್ಕಂದು ಮೇಡಂ. ಒಂದು ಸೊಪ್ಪಿಂದು."

"ಸೊಪ್ಪಿಗೆ ಏನು ಮಾಡಿದ್ರಿ ಆಮೇಲೆ?"

"ಉರಿ ನೋಡ್ಕೊಂಡು… ಬೆಳಿಗ್ಗೆವರ್ಗೂ ಗಂಟೆಗೊಂದ್ಸಲ ನೋಡ್ಕೊಂಡ್ವಿ."

ಅವರು ಬೈಯಲಿಲ್ಲ. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಬೈದಿದ್ದರೆ ವಾಸಿಯಿತ್ತು. ಎಡಗಡೆ ಗಂಟೆಗೊಂದು ಅಂಕಿ, ಬಲಗಡೆ ಸಂಜೆಯಿಂದ ಬೆಳಿಗ್ಗೆವರೆಗೆ ಖಾಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಗಾದೆಯನ್ನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೆನೋ. ಆವತ್ತು ಆ ಬೆಂಚಿನ ಮೇಲೆ ಕೂತು ನನಗೆ ನಾನೇ ಹೇಳಿಕೊಂಡೆ.

ಒಂಬತ್ತು ದಿನ ಆಸ್ಪತ್ರೆಯಲ್ಲಿ. ಅದರಲ್ಲಿ ಮೊದಲ ಮೂರು ದಿನ ಅಕ್ಕ ಉಳಿಯುವುದೂ ಖಾತ್ರಿಯಿರಲಿಲ್ಲ. ಮೆಹರುನ್ನಿಸಾ ತಮ್ಮ ತಪಾಸಣೆಗೆ ಬಂದವರು ಸುದ್ದಿ ತಿಳಿದು ನನ್ನನ್ನು ಹುಡುಕಿಕೊಂಡು ಬಂದು, ಟಿಫನ್ ಡಬ್ಬಿಯಲ್ಲಿದ್ದ ತಮ್ಮ ಚಪಾತಿಯನ್ನು ನನಗೆ ತಿನ್ನಿಸಿದರು. "ಅಳಬ್ಯಾಡ್ರಿ. ನನ್ಗೂ ಎರಡನೇ ಸಲ ಹಿಂಗೇ ಜರ ಬಂದಿತ್ತು. ನಾನು ಫೋನ್ ಮಾಡ್ದೆ, ಅಷ್ಟೇ ಫರಕ್ಕು" ಅಂದರು. ಸಮಾಧಾನಕ್ಕೆ ಹೇಳಿದ ಮಾತು. ನನಗೆ ಚುಚ್ಚಿತು.

ಅಕ್ಕ ಕಣ್ಣು ಬಿಟ್ಟು ಗುರುತು ಹಿಡಿದ ಮೇಲೆ ಮೊದಲು ಕೇಳಿದ್ದು, "ಸೊಪ್ ಏನಾಯ್ತು?" ಬ್ಯಾರನ್ನಿನಲ್ಲಿದ್ದ ಸೊಪ್ಪು ಪೂರ್ತಿ ಕರ್ರಗಾಗಿ ಕೊಳೆತು ತಿಪ್ಪೆ ಸೇರಿತ್ತು. "ಸಂದಾಕ್ ಬೆಂದಿದೆ ಕಣಕ್ಕ, ಚಿನ್ನದ ಬಣ್ಣ" ಅಂದೆ. ಅವಳು ನನ್ನ ಮುಖವನ್ನೇ ನೋಡಿ, "ಬೆಂಕಿ ಬುಟ್ಟು ಎಲ್ರೂ ಇಲ್ಲೇ ಇದ್ದೀರಿ. ಅದೆಂಗಮ್ಮಿ ಬೆಂತು? ಸುಳ್ಳಿ" ಅಂದಳು. ಕಣ್ಣಿನ ಕೊನೆಯಿಂದ ನೀರು ದಿಂಬಿಗೆ ಇಳಿಯಿತು. ಇಬ್ಬರೂ ಅತ್ತೆವು.

ನಾಲ್ಕನೆಯ ಇಂಜೆಕ್ಷನ್ನನ್ನು ಮುಂದಕ್ಕೆ ಹಾಕಿದರು, ಔಷಧಿಯ ಪ್ರಮಾಣವನ್ನೂ ತಗ್ಗಿಸಿದರು. ಆರೂ ಮುಗಿಯಿತು. ಕೂದಲು ಬಂತು, ಗುಂಗುರಾಗಿ. ಊರ ಹೆಂಗಸರು ರೇಗಿಸಿದರು. ವಾಸನೆಯೂ ಮರಳಿ ಬಂತು. ಎರಡು ಹಂಗಾಮು ಅಕ್ಕ ಮತ್ತೆ ಕಿಂಡಿಯ ಮುಂದೆ ನಿಂತಳು, ನಾವು ಮತ್ತೆ ಜಗಳವಾಡಿದೆವು. ಮೂರನೆಯ ವರ್ಷ ಕಾಯಿಲೆ ಬೆನ್ನುಮೂಳೆಯಲ್ಲಿ ತಿರುಗಿ ಬಂತು. ಆ ಒಂದು ಸಂಜೆ ತಡಮಾಡಿದ್ದರಿಂದಲೇ ಇಂಜೆಕ್ಷನ್ ಹಿಂದೆ ಬಿದ್ದು ಹೀಗಾಯಿತೇ ಎಂದು ಅದೇ ಡಾಕ್ಟರನ್ನು ಕೇಳಿದೆ. "ಹಾಗಂತ ಹೇಳಕ್ಕಾಗಲ್ಲ" ಅಂದರು. ಅಲ್ಲ ಅಂತಲೂ ಅನ್ನಲಿಲ್ಲ.

ಕೊನೆಯ ದಿನಗಳಲ್ಲಿ ಒಂದು ಬೆಳಿಗ್ಗೆ ಎಳೆಬಿಸಿಲಿಗೆ ಜಗಲಿಯ ಮೇಲೆ ಕೂರಿಸಿದ್ದೆ. ಒಳಗೆ ಇಟ್ಟುಕೊಂಡಿದ್ದು ತಡೆಯಲಾರದೆ, "ಅಕ್ಕ, ಆವತ್ತು ನಾನು ನಕ್ಕುಬುಟ್ಟೆ ಕಣೆ" ಅಂದೆ. ಯಾವತ್ತು ಎಂದು ಅವಳು ಕೇಳಲಿಲ್ಲ.

"ನಗಿಸ್ದೋಳು ನಾನಲ್ವಾ" ಅಂದಳು. ಮುಂಗೈಯ ಕಪ್ಪು ಕಲೆಯನ್ನು ಸವರಿಕೊಳ್ಳುತ್ತ, "ನಕ್ಕಿದ್ದು ತಪ್ಪಲ್ಲ ಕಣಮ್ಮಿ. ನಗೋದ್ ನಕ್ಕು ಫೋನ್ ಮಾಡ್ಬೇಕಿತ್ತು ನಾವು" ಅಂದಳು. ಅದಾಗಿ ಹದಿನೈದು ದಿನಕ್ಕೆ ಹೋದಳು.

ಜಯಂತಿಯ ಮನೆ ತಲುಪಿದಾಗ ಅವಳು ಅಂಗಳದಲ್ಲಿ ಸೊಪ್ಪು ಕಟ್ಟುವವರ ನಡುವೆ ಕೂತಿದ್ದಳು. ಅವರದೂ ಬ್ಯಾರನ್ ಇದೆ. ಒಳಗೆ ಕರೆದುಕೊಂಡು ಹೋಗಿ ಕೂರಿಸಿ ಎಲ್ಲ ಹೇಳಿದೆ. ಉರಿದರೆ ಕೂಗು, ನಾಚಿಕೆ ಬೇಡ. ಕಷಾಯ ಕುಡಿದಿದ್ದರೆ ಮುಚ್ಚಿಡಬೇಡ. ಮಧ್ಯಾಹ್ನದ ಊಟ ಕಟ್ಟಿಕೊಂಡು ಹೋಗು. ಕೊನೆಗೆ ಥರ್ಮಾಮೀಟರು ಕೈಗಿಟ್ಟು, "ನೂರು ದಾಟಿದ್ರೆ ವಾರ್ಡಿಗೆ ಫೋನ್ ಮಾಡ್ಬೇಕು. ಮಾತ್ರೆ ನುಂಗಿ ಮಲಗಬಾರ್ದು. ಆ ಗಳಿಗೇಲೇ ಮಾಡ್ಬೇಕು" ಅಂದೆ.

ಜಯಂತಿ ಥರ್ಮಾಮೀಟರನ್ನು ತಿರುಗಿಸಿ ನೋಡಿ ನಕ್ಕಳು. "ನೂರಾ? ನೂರುಕ್ಕೆ ನಮ್ ಸೊಪ್ಪು ಬಾಡೋದೂ ಇಲ್ವಲ್ಲಕ್ಕ!"

ಅದೇ ಮಾತು, ಅದೇ ನಗು. ಬೈಯಬೇಕು ಅನ್ನಿಸಿತು. ಅವಳು ನಗಲಿ ಅಂತ ಬಿಟ್ಟೆ; ಪಾಪ, ಎಷ್ಟು ದಿನವಾಗಿತ್ತೋ ನಕ್ಕು. ನಗು ಮುಗಿದ ಮೇಲೆ ನೋಟ್‌ಬುಕ್ಕು ತೆಗೆದು ಆ ಪುಟ ಬಿಡಿಸಿ ಅವಳ ತೊಡೆಯ ಮೇಲಿಟ್ಟೆ. ಎಡಕ್ಕೆ ನೂರೊಂದು. ಬಲಕ್ಕೆ ನೂರೊಂದು. ಬಲಗಡೆಯ ಖಾಲಿ ಜಾಗದ ಮೇಲೆ ಅವಳ ಬೆರಳು ಹಿಡಿದು ಇಟ್ಟೆ.

"ಇದು ದೇವೀರಕ್ಕಂದಾ?" ಅಂದಳು, ಮೆಲ್ಲಗೆ.

"ಹೂಂ. ಅವ್ಳೂ ಹಿಂಗೇ ಅಂದ್ಳು. ನಾನೂ ನಿನ್ ಹಂಗೇ ನಕ್ಕೆ."

ಜಯಂತಿಯ ಬೆರಳು ಆ ಖಾಲಿ ಜಾಗದ ಉದ್ದಕ್ಕೂ ಕೆಳಗೆ ಇಳಿಯಿತು. ಹೊರಗಡೆ ಅವಳ ಗಂಡ ಕಿಂಡಿ ನೋಡಿ ಯಾರಿಗೋ ಅಂಕಿ ಕೂಗಿ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಆಮೇಲೆ ಅವಳು ಕೈಯ ಹಸಿರು ಅಂಟನ್ನು ಸೆರಗಿಗೆ ಒರೆಸಿಕೊಂಡು, ಗೂಡಿನಲ್ಲಿದ್ದ ಫೋನು ತೆಗೆದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು.

"ವಾರ್ಡಿನ ನಂಬರ್ರು ಓದಕ್ಕ" ಅಂದಳು. "ಒಂದೊಂದೇ ಓದು."